ಡೀಸೆಲ್ ಎಂಜಿನ್ ಕೂರಿಸಿದ ಮೇಲೆ

ಹಿಂದಿನ ಸೀಟಿನ ಮೂವರು ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು. ಕಾರು ಓಡಿಸುತ್ತಿದ್ದ ಸೊಯ್ಲಾಗೆ ಕನ್ನಡಿಯಲ್ಲಿ ಅವರ ತುಟಿಗಳ ಅಲುಗಾಟವಷ್ಟೇ ಕಾಣುತ್ತಿತ್ತು. "ಏನ್ರೇ ಅದು? ನಂಗೂ ಸ್ವಲ್ಪ ಹೇಳ್ರೇ!" ಎಂದು ಕೂಗಿದಳು. ಎಂಜಿನ್ನಿನ ಗದ್ದಲದಲ್ಲಿ ಆ ಕೂಗು ಅವಳಿಗೇ ಕೇಳಿಸಲಿಲ್ಲ.

ಪೆಟ್ರೋಲ್ ಕೊಂಡು ಪೂರೈಸಲಾಗದೆ, ಅಪ್ಪನ ಕಾಲದ ಪ್ಲಿಮತ್ ಕಾರಿಗೆ ನಿನ್ನೆಯಷ್ಟೇ ಗುಜರಿ ವ್ಯಾನೊಂದರ ಡೀಸೆಲ್ ಎಂಜಿನ್ ಕೂರಿಸಿದ್ದಳು. "ಇನ್ಮೇಲೆ ನಿನಗಿಂತ ನಿನ್ನ ಕಾರೇ ಜಾಸ್ತಿ ಮಾತಾಡುತ್ತೆ ನೋಡಕ್ಕ," ಎಂದು ಮೆಕ್ಯಾನಿಕ್ ರಿಗೊ ಛೇಡಿಸಿದ್ದ. ಹವಾನಾದ ಈ ಒಂದೇ ದಾರಿಯಲ್ಲಿ ಬಾಡಿಗೆ ಹೊಡೆಯುತ್ತ ಅವಳು ಎಷ್ಟೋ ಮದುವೆ, ಜಗಳ, ಬಸಿರುಗಳ ಸುದ್ದಿ ಕೇಳಿದ್ದಳು. ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಅವಳ ಸಂಸಾರವೆಲ್ಲ ಆ ಹಿಂದಿನ ಸೀಟಿನಲ್ಲೇ ಇತ್ತು.

"ಇಳಿಯೋ ಜಾಗ ಬಂದ್ರೆ ಕೂಗ್ಬೇಡಿ, ಕೇಳ್ಸಲ್ಲ. ಭುಜ ತಟ್ಟಿ," ಎಂದು ಹತ್ತುವಾಗಲೇ ಅವರಿಗೆ ಹೇಳಿದ್ದಳು. ಮಾರುಕಟ್ಟೆ ಹತ್ತಿರವಾದಾಗ ಅವರಲ್ಲಿ ಹಿರಿಯಳಾದ ಎನೇಯ್ದಾ ಮುಂದಕ್ಕೆ ಬಾಗಿ ಅವಳ ಭುಜದ ಮೇಲೆ ಕೈಯಿಟ್ಟಳು. ಅಂಗೈ ಬೆಚ್ಚಗಿತ್ತು. ಅಮ್ಮ ಹೋದ ಮೇಲೆ ಸೊಯ್ಲಾಳ ಮೇಲೆ ಯಾರೂ ಹೀಗೆ ಕೈಯಿಟ್ಟಿರಲಿಲ್ಲ.

ಗೊತ್ತೇ ಆಗದವಳಂತೆ ಅವಳು ಕಾರು ಓಡಿಸುತ್ತಲೇ ಇದ್ದಳು, ಆ ಕೈ ಇನ್ನೊಮ್ಮೆ ತಟ್ಟುವವರೆಗೆ.