ಹಸಿರು ಗೆರೆಯ ಹೂವು

"ಬಂದ್ ಮಾಡೋ ಅದನ್ನ."

ದೌಲತರಾಯರು ಎರಡೂ ಕಿವಿ ಮುಚ್ಚಿಕೊಂಡರು. ಶಾಂತಲಿಂಗಪ್ಪ ತಿರುಗಿಯೂ ನೋಡಲಿಲ್ಲ. ಅವನ ಕಣ್ಣೆಲ್ಲ ಅಂಗಡಿಯ ಟಿವಿಯ ಮೇಲಿತ್ತು. ಅಲ್ಲಿ ಹಸಿರು ಗೆರೆಯೊಂದು ಸುತ್ತಿ ಸುತ್ತಿ ಹೂವಾಗಿ ಅರಳುತ್ತಿತ್ತು. ಜೊತೆಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂಥ ಚೀರಾಟ.

ರಾಯರ ಮಗಳ ಮದುವೆಯ ವಿಡಿಯೊ ಹೀಗೆ ಶುರುವಾಗಬೇಕೆ? ನಾಳೆ ಬೀಗರೆದುರು ಹಾಕಬೇಕಾದ ಕ್ಯಾಸೆಟ್ಟು.

ಜೇವರ್ಗಿಯಲ್ಲಿ ಶಾಂತಲಿಂಗಪ್ಪನಂಥ ರೇಡಿಯೊ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಅವನ ಮನೆ ನಡೆಯುತ್ತಿದ್ದುದು ಆ ಹೆಸರಿನಿಂದಲೇ. ಹೈದರಾಬಾದಿನ ಗುಜರಿಯಿಂದ ಆಸಿಲೋಸ್ಕೋಪ್ ತಂದಿದ್ದ. ಸದ್ದು ಕೊಟ್ಟರೆ ಅದರ ಪುಟ್ಟ ಪರದೆಯಲ್ಲಿ ಗೆರೆ ಕುಣಿಯುತ್ತದೆ. ಅದನ್ನು ನೋಡಿಯೇ ಯಾವ ರೇಡಿಯೊದ ರೋಗವನ್ನಾದರೂ ಹಿಡಿಯುತ್ತಿದ್ದ. ಎರಡು ಸದ್ದು ಹದವಾಗಿ ಬೆರೆಸಿದರೆ ಗೆರೆ ಹೂವಾಗುತ್ತದೆಂದು ಕಂಡುಕೊಂಡಿದ್ದ. ರಾಯರ ಕ್ಯಾಸೆಟ್ಟಿನ ಮೊದಲಿಗೆ ಹಾಕಲೆಂದು, ಮದುವೆಯ ವಿಡಿಯೊ ತೆಗೆದ ಇಮಾಮಸಾಬನಿಂದ ಕ್ಯಾಮೆರಾ ಕೇಳಿ ತಂದು, ಒಬ್ಬನೇ ಕೂತು ಆ ಹೂವನ್ನು ಚಿತ್ರೀಕರಿಸಿದ. ಕ್ಯಾಮೆರಾ ಸದ್ದನ್ನೂ ತುಂಬಿಕೊಂಡಿತು. ಇದಕ್ಕೆ ಹಿಡಿದ ಎರಡು ದಿನವೂ ಹೆಂಡತಿ ಶರಣಬಸಮ್ಮ ತವರೂರು ಅಂದೋಲಾಕ್ಕೆ ಹೋಗಿದ್ದಳು.

ಇಲ್ಲವಾದರೆ ಆಕೆ ಅಂಗಡಿ ಬಿಟ್ಟು ಕದಲುವವಳಲ್ಲ. ಗಿರಾಕಿ ಹೇಳಿದ್ದನ್ನೆಲ್ಲ ಗಂಡನ ಎದುರು ನಿಂತು ಮತ್ತೊಮ್ಮೆ ಹೇಳುವಳು. "ಹೆಂಡ್ತಿ ಹೇಳೂತನ ಬಾಯೇ ತೆಗಿಯಲ್ಲೇನಪಾ?" ಎಂದು ಇದೇ ರಾಯರು ನಾಲ್ಕು ಜನರೆದುರು ಗೇಲಿ ಮಾಡಿದ್ದರು.

ರಾಯರು ಎದ್ದು ಟಿವಿಯ ವೈರು ಕಿತ್ತರು. ಆಗ ಶಾಂತಲಿಂಗಪ್ಪ ತಿರುಗಿದ.

"ಹೂ ಛಂದ ಬಂದದಲ್ರಿ?"

"ಶುಭಕಾರ್ಯದಾಗ ಇದೇನು ಭಾನಾಮತಿ ಮಾಡೀದಿಲೇ? ಒಮ್ಮೆರೆ ಕೇಳಿ ನೋಡಿದ್ದಿಲ್ಲೇನು?"

"ಹತ್ತು ಸಲ ನೋಡೇನ್ರಿ."

ಬಾಗಿಲಲ್ಲಿ ಶರಣಬಸಮ್ಮ ನಿಂತಿದ್ದಳು, ಕೈಯಲ್ಲಿ ತವರಿನ ಗಂಟು. ಬಸ್ಸಿಳಿದಾಗಲೇ ಚೀರಾಟ ಬೀದಿಗೆ ಕೇಳಿತ್ತು. ಗಂಟನ್ನು ಅಲ್ಲೇ ಇಟ್ಟು ಸರಸರ ಒಳಗೆ ಬಂದಳು.

"ತಪ್ಪಾಗ್ಯದ್ರಿ ಸಾವ್ಕಾರ್ರೆ," ಅಂದಳು. "ಅವತ್ತು ನೀವು ಮಂದಿ ಮುಂದ ನಗ್ಯಾಡಿದ್ರಲ್ರಿ, ಆ ಸಿಟ್ಟಿಗೆ ಬೇಕಂತ ಮಾಡ್ಯಾರ. ಸದ್ದು ತೆಗ್ದು ಕೊಡ್ತೇವ್ರಿ."

ಶಾಂತಲಿಂಗಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ. ಮೆಲ್ಲಗೆ ತಲೆ ತಗ್ಗಿಸಿದ.

"ಇಂಥಾ ಹಗಿತನದ ಮನಷಾನ್ನ ನೋಡಿದ್ದಿಲ್ಲ," ಎಂದು ರಾಯರು ಹೊರಟರು. ಸಂಜೆಯೊಳಗೆ ಊರಿಗೆಲ್ಲ ಸಾರುತ್ತಾರೆ.

ಸಾರಲಿ, ಅಂದುಕೊಂಡಳು ಶರಣಬಸಮ್ಮ. ಹಗೆ ಸಾಧಿಸುವ ಮೆಕ್ಯಾನಿಕನ ಹತ್ತಿರ ಜನ ಬೈದುಕೊಂಡಾದರೂ ರೇಡಿಯೊ ತರುತ್ತಾರೆ. ಮೂರು ವರ್ಷದ ಹಿಂದೆ ಜ್ವರದಲ್ಲಿ ಎರಡೂ ಕಿವಿ ಹೋದವನ ಹತ್ತಿರ ಯಾರು ತರುತ್ತಾರೆ?