ತೆಕ್ಲೆ ಬಸ್ಸಿನಿಂದ ಇಳಿದಾಗ

ತನ್ನೂರು ಟಿಬಿಲಿಸಿಯಿಂದ ಬಂದ ಬಸ್ಸಿಳಿದ ಹುಡುಗಿಯ ಕೈಯಿಂದ ಚೀಲ ಇಸಿದುಕೊಳ್ಳಲು ಮಕ್ವಾಲಾ ಬಾಗಿದಳು. ಹುಡುಗಿ ಚೀಲವನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. “ಪರವಾಗಿಲ್ಲ, ನಾನೇ ಹಿಡ್ಕೋತೀನಿ. ನಿಮಗ್ಯಾಕೆ ತೊಂದರೆ?” ಎಂದಳು, ಬಹಳ ವಿನಯದಿಂದ.

ಮೂರು ವರ್ಷದ ತೆಕ್ಲೆಯನ್ನು ತಂಗಿ ಲಮಾರಾಳ ಮಡಿಲಿಗೆ ಹಾಕಿ ಮಕ್ವಾಲಾ ಗ್ರೀಸಿಗೆ ದುಡಿಯಲು ಬಂದಿದ್ದಳು. ಕಾಗದಪತ್ರ ಸರಿಯಿರಲಿಲ್ಲ; ಒಮ್ಮೆ ಊರಿಗೆ ಹೋದರೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಎಂಟು ವರ್ಷ ಥೆಸಲೊನೀಕಿಯ ಮುದುಕಿಯರಿಗೆ ಸ್ನಾನ ಮಾಡಿಸಿದಳು, ತಲೆ ಬಾಚಿದಳು, ತುತ್ತು ತಿನ್ನಿಸಿದಳು. ಫೋನಿನಲ್ಲಿ “ಅಮ್ಮಾ, ಯಾವಾಗ ಬರ್ತೀಯಾ?” ಎಂದು ಅಳುತ್ತಿದ್ದ ಮಗಳು ಬರಬರುತ್ತಾ ಲಮಾರಾ ಹೇಳಿಕೊಟ್ಟಷ್ಟನ್ನೇ ಆಡುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ, ನಾಚಿಕೆ ಇರಬೇಕು ಎಂದುಕೊಂಡಿದ್ದಳು ಮಕ್ವಾಲಾ.

ಹುಡುಗಿಯ ಹಿಂದೆಯೇ ಬಸ್ಸಿಳಿದಿದ್ದ ಲಮಾರಾ ನಗುತ್ತಾ ಅವಳ ತಲೆಗೆ ಮೊಟಕಿದಳು. “ಏ ಪೆದ್ದಿ, ಹೆತ್ತಮ್ಮನಿಗೆ ಯಾರಾದ್ರೂ ನೀವು ಅಂತಾರೇನೆ?”

ತೆಕ್ಲೆಯ ಮುಖ ಕೆಂಪಾಯಿತು. ಚಿಕ್ಕಮ್ಮನ ತೋಳಿಗೆ ಅಂಟಿಕೊಂಡು, “ನಮ್ಮನೇಲಿ ಇಲ್ದೋರಿಗೆಲ್ಲಾ ನೀವು ಅನ್ಬೇಕು ಅಂತ ನೀನೇ ಹೇಳಿದ್ದಲ್ವಾ?” ಎಂದಳು.

ಲಮಾರಾಳ ನಗು ಅಲ್ಲೇ ನಿಂತಿತು. “ಅಕ್ಕಾ, ಎರಡು ದಿನದ ಪ್ರಯಾಣ... ಮಗೂಗೆ ಇನ್ನೂ ನಿದ್ದೆಗಣ್ಣು ಕಣೇ...”

“ಬೈಬೇಡ ಬಿಡೇ ಮಗೂನ,” ಎಂದಳು ಮಕ್ವಾಲಾ. ಚೀಲಕ್ಕೆಂದು ಚಾಚಿದ ಕೈ ಇನ್ನೂ ಬಿಸಿಲಿನಲ್ಲಿ ಹಾಗೇ ಇತ್ತು, ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಮಗಳ ಮುಖ ನೋಡಿ, ಹಸಿದಿದ್ದೀಯೇನೇ ಕಂದಾ ಎಂದು ಕೇಳಬೇಕೆಂದು ಬಾಯಿ ತೆರೆದಳು.

“ಹಸಿವಾಗಿದೆಯಾ ನಿಮಗೆ?” ಎಂದುಬಿಟ್ಟಳು.