ಮಾತು ಬಿಟ್ಟ ಗರ್ಭಕೋಶ

ಊಟ ಬಿಟ್ಟವಳಿಗೆ ರೋಗವಿಲ್ಲ, ಮಾತು ಬಿಟ್ಟವಳಿಗೆ ಜಗಳವಿಲ್ಲ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ.

ಮನುಷ್ಯರ ಅಂಗಾಂಗಗಳಿಗೆ ಮಾತು ಬಂದ ಮೇಲೆ ದಾವಣಗೆರೆಯ ಆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬೆಳಗಾಗುವುದೇ ಗದ್ದಲದಿಂದ. ಚಿನ್ಮಯಿಯ ಮೈಯಲ್ಲಂತೂ ತೊಡೆ, ತೋಳುಗಳದೇ ದರ್ಬಾರು: "ಹೊಡಿ ಇನ್ನೊಂದಿಷ್ಟು ಬಸ್ಕಿ!" ಹೊಟ್ಟೆ ದೋಸೆಯ ಸುದ್ದಿ ಎತ್ತಿದರೆ ಎರಡೂ ಗದರಿಸುತ್ತಿದ್ದವು. ಮುಟ್ಟಿನ ಹೊತ್ತಿಗೆ ತಪ್ಪದೆ ಗೊಣಗುತ್ತಿದ್ದ ಗರ್ಭಕೋಶ ಯುಗಾದಿಯಿಂದ ತುಟಿ ಬಿಚ್ಚಿರಲಿಲ್ಲ, ಮುಟ್ಟೂ ಬಂದಿರಲಿಲ್ಲ. "ಪೀಡೆ ತೊಲಗ್ತು, ದಿನಾ ಓಡಬಹುದು," ಎಂದು ಚಿನ್ಮಯಿ ಎಲ್ಲರೆದುರು ಬೀಗುತ್ತಿದ್ದಳು.

ಒಂದು ಮುಂಜಾನೆ ಬೂಟು ಕಟ್ಟುತ್ತಿದ್ದಾಗ ಮುದುಕಿಯ ದನಿಯೊಂದು ಕೇಳಿತು: "ಯವ್ವಾ, ನಾನು ನಿನ್ನ ಗರ್ಭಕೋಶ. ಈ ಮೈಯಾಗೆ ದೀಪ ಹಚ್ಚೋವಷ್ಟೂ ಕೊಬ್ಬಿಲ್ಲ. ಪಕ್ಕದ ಮಂಚದ ರುದ್ರಾಣಿ ಬೆಣ್ಣೆ ದೋಸೆ ತಿಂತಾಳೆ, ಅಲ್ಲಿಗೇ ಹೊಂಟೆ."

ಚಿನ್ಮಯಿ ಬೂಟು ಬಿಟ್ಟು ಕಿಬ್ಬೊಟ್ಟೆ ಹಿಡಿದುಕೊಂಡಳು. "ಬ್ಯಾಡಜ್ಜಿ! ತಿಂಗಳು ತಿಂಗಳೂ ನಿನ್ನ ದಾರಿ ಕಾದೀನಿ. ಒಳಗೊಳಗೇ ಹೆದರಿದ್ದು ಯಾರಿಗೂ ಹೇಳಿಲ್ಲ. ಹೋಗಬ್ಯಾಡ, ಉಣ್ತೀನಿ!"

ಮಂಚದ ಕೆಳಗಿನಿಂದ ರುದ್ರಾಣಿ ಕಿಸಕ್ಕೆಂದು ನಗುತ್ತ ತೆವಳಿ ಬಂದಳು. ಕಂಡವರ ದನಿಯನ್ನೆಲ್ಲ ಅಣಕಿಸುವುದು ಅವಳ ಚಾಳಿ. ಗೆಳತಿಯ ಮುಖ ಕಂಡು ನಗು ನುಂಗಿದಳು. "ಇಷ್ಟು ಹೆದರೀಯಂತ ಗೊತ್ತಿರಲಿಲ್ಲ ಕಣೇ. ನಡಿ, ಡಾಕ್ಟರ್ ಹತ್ರ ಹೋಗಣ."

"ಅವರು ಈಗ ಕೇಳೋದು ಮನುಷ್ಯರನ್ನಲ್ಲ, ಗರ್ಭಕೋಶನ್ನೇ. ಅದು ಬಾಯೇ ಬಿಡ್ತಿಲ್ಲವಲ್ಲೇ!"

"ಅಲ್ಲೂ ನಾನೇ ಮುದುಕಿ ಆಗ್ತೀನಿ ಬಿಡು."

ಚಿನ್ಮಯಿ ಕಣ್ಣೊರೆಸಿಕೊಂಡಳು. "ಅಲ್ಲಲೇ, ದೇವರು ನಂಗೂ ಒಂದು ಬಾಯಿ ಕೊಟ್ಟಾನಲ್ಲ! ನಾನೇ ಹೇಳಿದ್ರೆ ಆಗಲ್ಲೇನು?"

ಊರಲ್ಲಿ ಯಾರಿಗೂ ಹೊಳೆಯದ ಆ ಉಪಾಯಕ್ಕೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ತೊಡೆ, ತೋಳುಗಳ ಗದ್ದಲ ಮೀರಿ ಕೋಣೆಯಾಚೆಗೂ ಕೇಳಿದ್ದು ಮಾತ್ರ ಚಿನ್ಮಯಿಯ ನಗು.